ಬೂದಿಗೆ ಒಂದು ಹೊರೆ ಹುಲ್ಲು

ಫೆಬ್ರವರಿ 9

ಮೇಲಿನ ಮನೆಯವಳಿಗೆ,

ತಂಗಿ ಎಂದು ಬರೆಯಲು ಕೈ ಏಳಲಿಲ್ಲ. ಅಣ್ಣತಮ್ಮಂದಿರನ್ನು ಕಟ್ಟಿಕೊಂಡು ಒಂದೇ ಒಲೆಯಲ್ಲಿ ಬೇಯಿಸಿ ತಿಂದ ಓರಗಿತ್ತಿಯರು ನಾವು. ನೀನು ಆ ಮನೆಯಲ್ಲೇ ಇದ್ದೀಯ. ನಾನು ಗಂಡ ಸತ್ತ ಮೇಲೆ ಈ ಮುಚ್ಚಿಹೋದ ಇಟ್ಟಿಗೆ ಗೂಡಿನ ಕಾವಲುಗಾರನ ಕೋಣೆಗೆ ಬಂದು ಬಿದ್ದಿದ್ದೇನೆ. ಇಷ್ಟು ವರ್ಷ ಒಂದು ಸಾಲು ಬರೆದವಳಲ್ಲ. ಈಗಲೂ ನಿನ್ನ ಕ್ಷೇಮ ಕೇಳಲು ಬರೆಯುತ್ತಿಲ್ಲ. ನೀನು ಕೊಟ್ಟ ಕಡಸಿನ ವಿಷಯ.

ಬೂದಿ ಇನ್ನೂ ಬೆದೆಗೆ ಬಂದಿಲ್ಲ. ಅವಳ ಓರಗೆಯ ಕಡಸುಗಳೆಲ್ಲ ಗಬ್ಬವಾಗಿ ಕೊಟ್ಟಿಗೆಗಳಲ್ಲಿ ಗತ್ತಿನಿಂದ ನಿಂತಿವೆ. ಇವಳು ಮಾತ್ರ ತಿನ್ನುತ್ತಾಳೆ, ಮಲಗುತ್ತಾಳೆ, ಗೂಳಿಯ ಹಾಗೆ ಕುತ್ತಿಗೆ ದಪ್ಪ ಮಾಡಿಕೊಳ್ಳುತ್ತಿದ್ದಾಳೆ. ಒಂದು ದಿನವಾದರೂ ಕೂಗಿದವಳಲ್ಲ.

ಸಂಘದ ನಿಯಮ ನಿನಗೂ ಬಾಯಿಪಾಠ. ಹಸು ಪಡೆದವಳು ಅದರ ಮೊದಲ ಹೆಣ್ಣು ಕರುವನ್ನು ಸರದಿಯಲ್ಲಿ ಮುಂದಿರುವವಳಿಗೆ ಕೊಡಬೇಕು. ಅವಳು ಅದನ್ನು ಸಾಕಿ, ಅದಕ್ಕೆ ಹುಟ್ಟಿದ ಮೊದಲ ಹೆಣ್ಣು ಕರುವನ್ನು ಇನ್ನೊಬ್ಬಳಿಗೆ ದಾಟಿಸಬೇಕು. ಹೀಗೆ ಒಂದು ಹಸುವಿನಿಂದ ದಾರಿಯುದ್ದದ ಊರುಗಳೆಲ್ಲ ಮೇಲೆ ಬರಬೇಕು ಅಂತ ಲೆಕ್ಕ. ಸರದಿಯಲ್ಲಿ ನಿನ್ನ ಮುಂದೆ ನಾನಿದ್ದದ್ದು ಇಬ್ಬರ ಹಣೆಬರಹ. ನನ್ನ ಮುಂದೆ ಪಕ್ಕದ ಕೋಣೆಯ ಹೊಲಿಗೆಯವಳಿದ್ದಾಳೆ. ಪಾಪ, ಕೊಟ್ಟಿಗೆ ಕಟ್ಟಿಸಿ, ಮೇವಿನ ಹುಲ್ಲು ನೆಟ್ಟು ಕೂತಿದ್ದಾಳೆ. ಬೆಳಗಾದರೆ ಬೇಲಿಯಾಚೆಯಿಂದ ಕತ್ತು ಚಾಚುತ್ತಾಳೆ: “ಅಕ್ಕಾ, ಬೂದಿ ಕೂಗಿದ್ಲಾ?” ನಾನೇನು ಹೇಳಲಿ, ನಾನೇ ಕೂಗಲಾ?

ಗೂಡಿನ ಹಿಂದಿನ ಈ ತುಂಡು ಜಾಗ ಸಂಘದ್ದು. ಹಾಲು ಹಾಕುವವರಿಗೆ ಮಾತ್ರ. ಬೂದಿ ಕರು ಹಾಕದಿದ್ದರೆ ನನಗೆ ಹಾಲಿಲ್ಲ, ಹಾಲಿಲ್ಲದಿದ್ದರೆ ಜಾಗವಿಲ್ಲ. ನಿನ್ನ ಮನೆಯಿಂದ ಒಮ್ಮೆ ಎದ್ದು ಬಂದಿದ್ದೇನೆ, ಇನ್ನೊಂದು ಕಡೆಯಿಂದ ಏಳುವ ಶಕ್ತಿ ಮೊಣಕಾಲಲ್ಲಿಲ್ಲ. ಈ ಕಡಸಿನಲ್ಲಿ ಏನೋ ಐಬಿದೆ. ಗೊತ್ತಿದ್ದೇ ಕೊಟ್ಟೆಯಾ? ನೇರವಾಗಿ ಉತ್ತರ ಕೊಡು.

ಹಾಲಿನ ವ್ಯಾನಿನವನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನು ದಾರಿಯಲ್ಲಿ ಬಿಚ್ಚಿ ಓದುತ್ತಾನೆಂದು ಗೊತ್ತು. ವ್ಯಾನಿನಣ್ಣಾ, ಓದಿದ್ದು ಸಾಕು, ಮಡಚಿಡು.

ಇಂತಿ,
ಇಟ್ಟಿಗೆ ಗೂಡಿನವಳು

*

ಫೆಬ್ರವರಿ 15

ಅಕ್ಕನಿಗೆ,

ನೀನು ತಂಗಿ ಎನ್ನದಿದ್ದರೂ ನಾನು ಅಕ್ಕ ಎಂದೇ ಬರೆಯುತ್ತೇನೆ. ಈ ಮನೆಗೆ ಬಂದ ದಿನ ಹಾಗೆಂದು ಕರೆಯಲು ಹೇಳಿದ್ದರು, ಬೇರೆ ಏನೂ ಕಲಿಸಲಿಲ್ಲ.

ಐಬಂತೆ! ಕಡಸನ್ನು ಒಪ್ಪಿಸಿದ ದಿನ ನೀನು ಅದರ ಹಲ್ಲು ನೋಡಿದೆ, ಗೊರಸು ನೋಡಿದೆ, ಬಾಲ ಎತ್ತಿ ನೋಡಿದೆ. ನನ್ನ ಮುಖ ಒಂದನ್ನು ಬಿಟ್ಟು ಎಲ್ಲವನ್ನೂ ನೋಡಿದೆ. ಊರೆಲ್ಲ ನಿಂತಿತ್ತು. ಹಗ್ಗವನ್ನು ನನ್ನ ಕೈಯಿಂದ ಕಿತ್ತುಕೊಂಡ ಹಾಗೆ ತೆಗೆದುಕೊಂಡು ತಿರುಗಿ ನೋಡದೆ ನಡೆದೆ. ಅಂಗಳದಲ್ಲಿ ಇದ್ದದ್ದರಲ್ಲಿ ಚೆಂದದ ಕರು ಅದು. ನನ್ನ ಸಣ್ಣ ಮಗ ಅದರ ಹಿಂದೆ ಗೇಟಿನವರೆಗೆ ಅಳುತ್ತ ಓಡಿದ. ಅದನ್ನು ನೋಡಲು ನಿನಗೆ ಪುರಸೊತ್ತಿರಲಿಲ್ಲ.

ದನ ಬೆದೆಗೆ ಬರಬೇಕಾದರೆ ಹೊಟ್ಟೆಗೆ ಬೀಳಬೇಕು. ಆ ಸುಟ್ಟ ಮಣ್ಣಿನಲ್ಲಿ ನೀನೇನು ಬೆಳೆಸಿ ಹಾಕುತ್ತೀಯೋ! ಖನಿಜದ ಪುಡಿ ಕೊಡುತ್ತೀಯಾ? ನೀರು ಬೇಕಾದಾಗ ಸಿಗುತ್ತದೆಯೋ, ನಿನಗೆ ನೆನಪಾದಾಗ ಸಿಗುತ್ತದೆಯೋ? ಮೊದಲು ಅದನ್ನು ನೋಡಿಕೋ, ಆಮೇಲೆ ನನ್ನ ಮೇಲೆ ಗೂಬೆ ಕೂರಿಸು. ದನದ ಡಾಕ್ಟರನ್ನು ಕರೆಸು. ಸಂಘಕ್ಕೆ ಹೇಳಿದರೆ ಕಳಿಸುತ್ತಾರೆ.

ಇಲ್ಲಿ ನನಗೂ ಕೈತುಂಬ ಇದೆ. ಮೂರು ಮಕ್ಕಳು, ಹಾಸಿಗೆ ಹಿಡಿದ ಅತ್ತೆ, ಮಾತಿಗೊಮ್ಮೆ ಹುಬ್ಬು ಗಂಟಿಕ್ಕುವ ನಿನ್ನ ಮೈದುನ. ನಿನ್ನ ಹಾಗೆ ಕೂತು ಉದ್ದುದ್ದ ಬರೆಯಲು ನನಗೆ ಬಿಡುವೆಲ್ಲಿ?

ಇಂತಿ,
ನೀನು ತಂಗಿ ಎನ್ನದವಳು

*

ಮಾರ್ಚ್ 20

ಮೇಲಿನ ಮನೆಯವಳಿಗೆ,

ಖನಿಜದ ಪುಡಿ ಕೊಟ್ಟೆ. ನೀರಿನ ತೊಟ್ಟಿಯನ್ನು ಅವಳ ಮೂತಿಯ ಕೆಳಗೇ ಇಟ್ಟೆ. ನಾನು ಉಂಡೆನೋ ಬಿಟ್ಟೆನೋ, ಅವಳಿಗೆ ಮಾತ್ರ ಹೊತ್ತುಹೊತ್ತಿಗೆ ಬಿದ್ದಿದೆ. ನಿನ್ನ ಉಪದೇಶ ಮುಗಿಯಿತಲ್ಲ?

ನಿನ್ನೆ ದನದ ಡಾಕ್ಟರ್ ಬಂದಿದ್ದಳು. ಹುಡುಗಿ, ಆದರೆ ಕೈ ಗಟ್ಟಿ. ಭುಜದವರೆಗೆ ಕೈಗವಸು ಹಾಕಿಕೊಂಡು ಒಳಗೆ ಪರೀಕ್ಷೆ ಮಾಡಿದಳು. ನಾನು ಬೂದಿಯ ಕಿವಿ ಹಿಡಿದು ನಿಂತಿದ್ದೆ, ಹೊಲಿಗೆಯವಳು ಬೇಲಿಯ ಮೇಲೆ ನೇತುಬಿದ್ದಿದ್ದಳು. ಡಾಕ್ಟರ್ ಕೈ ಹೊರಗೆ ತೆಗೆದು ಕೈಗವಸು ಕಳಚಿದಳು. ಆಮೇಲೆ ಕೇಳಿದಳು:

“ಅಮ್ಮಾ, ಇದು ಹುಟ್ಟಿದಾಗ ಜೊತೇಲಿ ಇನ್ನೊಂದು ಕರು ಇತ್ತಾ? ಗಂಡು ಕರು?”

“ಇಲ್ಲವಲ್ಲ. ಒಂದೇ ಕರು ಅಂತ ಸಂಘದವರೇ ಬರ್ಕೊಂಡಿದ್ದಾರೆ.”

“ಸರಿಯಾಗಿ ಕೇಳಿ ನೋಡಿ. ಗಂಡು-ಹೆಣ್ಣು ಅವಳಿ ಆದ್ರೆ, ಒಳಗಿದ್ದಾಗ ಎರಡರ ರಕ್ತ ಬೆರೆತುಬಿಡುತ್ತೆ. ಆಮೇಲೆ ಹೆಣ್ಣಿಗೆ ಗರ್ಭಕೋಶ ಬೆಳೆಯೋದೇ ಇಲ್ಲ. ಎಲ್ಲೋ ಒಂದೊಂದು ತಪ್ಪಿಸ್ಕೊಳ್ಳುತ್ತೆ, ಅಷ್ಟೇ. ಇದಕ್ಕೂ ಹಾಗೇ ಆಗಿರೋ ಹಾಗಿದೆ.”

“ಔಷಧಿ?”

“ಇಲ್ಲಮ್ಮಾ. ಇದಕ್ಕೆ ಔಷಧಿ ಇಲ್ಲ. ಮೈಯಲ್ಲಿ ಬೇರೆ ಯಾವ ಕಾಯಿಲೇನೂ ಇಲ್ಲ. ಕರು ಹಾಕಲ್ಲ, ಅಷ್ಟೇ.”

ಹೊಲಿಗೆಯವಳು ಬೇಲಿಯಿಂದ ಇಳಿದು ಒಳಗೆ ಹೋದಳು. ಆಮೇಲೆ ಹೊಲಿಗೆ ಯಂತ್ರದ ಸದ್ದೂ ಕೇಳಿಸಲಿಲ್ಲ.

ನಿನಗೆ ಒಂದೇ ಒಂದು ಪ್ರಶ್ನೆ. ಬೂದಿಯ ಜೊತೆ ಗಂಡು ಕರು ಹುಟ್ಟಿತ್ತೇ?

ಇಂತಿ,
ಇಟ್ಟಿಗೆ ಗೂಡಿನವಳು

*

ಏಪ್ರಿಲ್ 2

ಅಕ್ಕನಿಗೆ,

ಕಾಗದ ತಲುಪಿತು. ತಡವಾಗಿದ್ದಕ್ಕೆ ಬೇಸರ ಬೇಡ, ಅತ್ತೆಯ ಕೆಮ್ಮು ಜೋರಾಗಿದೆ. ಮಲಗಿದಲ್ಲೇ ನಿನ್ನನ್ನು ಒಂದೆರಡು ಸಲ ಕೇಳಿದರು. ಕೊಟ್ಟಿಗೆಯ ಮೂಲೆಯ ತಗಡು ಗಾಳಿಗೆ ಹಾರಿತ್ತು, ನಾನೇ ಹತ್ತಿ ಕಲ್ಲು ಹೇರಿ ಬಂದೆ. ನಿನ್ನ ಮೈದುನನಿಗೆ ಹೇಳಿ ಹೇಳಿ ಸಾಕಾಗಿತ್ತು.

ನಾನು ಅಂದ ಹಾಗೆ ಪುಡಿ ಕೊಟ್ಟಿದ್ದು ಒಳ್ಳೆಯದಾಯಿತು. ಈ ದನದ ಡಾಕ್ಟರುಗಳು ಈಗಿನ ಹುಡುಗಿಯರು, ಎಲ್ಲವೂ ಪುಸ್ತಕದಲ್ಲಿ ಇದ್ದ ಹಾಗೆ ಇರಬೇಕು ಅನ್ನುತ್ತಾರೆ. ಕೆಲವು ಕಡಸುಗಳು ನಿಧಾನ. ಇನ್ನಷ್ಟು ದಿನ ನೋಡು.

ವ್ಯಾನಿನಲ್ಲಿ ಮೇವಿನ ಹುಲ್ಲಿನ ಬುಡಗಳನ್ನು ಗೋಣಿಯಲ್ಲಿ ಕಟ್ಟಿ ಕಳಿಸಿದ್ದೇನೆ. ಬದುವಿನ ಮೇಲೆ ನೆಡು. ಮಣ್ಣು ಹಿಡಿದುಕೊಳ್ಳುತ್ತದೆ, ಕೊಯ್ದಷ್ಟೂ ಚಿಗುರುತ್ತದೆ.

ಇಂತಿ,
ತಂಗಿ

*

ಏಪ್ರಿಲ್ 5

ಹುಲ್ಲಿನ ಬುಡ ಬಂತು. ಕೆಮ್ಮು, ತಗಡು, ಗಾಳಿ, ಎಲ್ಲ ತಿಳಿಯಿತು. ನಾನು ಕೇಳಿದ್ದು ಅದಲ್ಲ. ಹಾರಿಕೆಯ ಉತ್ತರ ಬರೆಯಲು ಇಷ್ಟು ಕಾಗದ ಹಾಳುಮಾಡಿದೆಯಲ್ಲ, ಇತ್ತು ಅಥವಾ ಇಲ್ಲ ಅಂತ ಬರೆಯಲು ಎಷ್ಟು ಬೇಕಿತ್ತು?

ನೀನು ಬರೆಯದೇ ಬಿಟ್ಟಿದ್ದನ್ನು ನಾನು ಓದಿಕೊಂಡೆ.

ಇಟ್ಟಿಗೆ ಗೂಡಿನವಳು

*

ಮೇ 28

ಮೇಲಿನ ಮನೆಯವಳಿಗೆ,

ನೀನು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೀಯ. ಕೂತುಕೋ. ಇಲ್ಲಿ ಏನೇನಾಯಿತೆಂದು ನಾನು ಹೇಳುತ್ತೇನೆ.

ಸಂಘದ ಅಧ್ಯಕ್ಷೆ ಸಭೆಗೆ ಕರೆಸಿದಳು. ಹಾಲು ಅಳೆಯುವ ಕೋಣೆಯಲ್ಲಿ, ಕ್ಯಾನುಗಳ ಮಧ್ಯೆ ಒಂದು ಬೆಂಚು. ನನಗೆ ಕೂರಲು ಹೇಳಲಿಲ್ಲ. “ನೋಡಮ್ಮಾ,” ಅಂದಳು, “ಹಾಲು ಕೊಡದ ದನಕ್ಕೆ ಸಂಘದಲ್ಲಿ ಏನು ಕೆಲಸ? ಕಟುಕನಿಗೆ ಕೊಟ್ಟು ಕೈ ತೊಳ್ಕೊ. ನಿನ್ನನ್ನ ಸರದಿಯ ಕೊನೆಗೆ ಹಾಕ್ತೀವಿ. ಜಾಗ ಮಾತ್ರ ಸುಗ್ಗಿ ಮುಗಿಯೋದರೊಳಗೆ ಬಿಡಬೇಕು.” ಸರದಿಯ ಕೊನೆ ಅಂದರೆ ನನ್ನ ಹೆಣ ಎದ್ದ ಮೇಲೆ.

ಅಷ್ಟು ಹೇಳಿ ಸುಮ್ಮನಾಗಲಿಲ್ಲ, ಮಾರನೆಯ ದಿನ ಕಟುಕನನ್ನೇ ಕಳಿಸಿದಳು. ಅವನು ಬಂದು ಬೂದಿಯ ಬೆನ್ನನ್ನು ಅಂಗೈಯಿಂದ ಒತ್ತಿ ಒತ್ತಿ ನೋಡಿದ. ಅವಳು ಅವನ ಅಂಗಿಯ ತೋಳು ನೆಕ್ಕಿದಳು. ದನಕ್ಕೇನು ಗೊತ್ತು? ನಾನು ಸಗಣಿ ಬಾಚುವ ಪೊರಕೆಯಿಂದ ಅವನಿಗೆ ಎರಡು ಬಿಟ್ಟೆ. ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ, ಹೋಗುವಾಗ ಹಾಗಿರಲಿಲ್ಲ.

ನೀನು ಕೇಳಬಹುದು, “ಅಕ್ಕಾ, ಕರು ಹಾಕದ ದನದ ಮೇಲೆ ಯಾಕಿಷ್ಟು ಮೋಹ?” ಅಂತ. ಕೇಳುವ ಮೊದಲು ನೆನಪು ಮಾಡಿಕೋ. ನಿನ್ನ ಭಾವ ಸತ್ತು ಆಗಷ್ಟೇ ಮನೆ ಸುಧಾರಿಸಿಕೊಂಡಿತ್ತು. ಅಂಗಳದಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದೆವು. ಅತ್ತೆ ಇದ್ದರು, ಪಕ್ಕದ ಮನೆಯವರಿದ್ದರು, ನಿನ್ನ ಮಕ್ಕಳಿದ್ದರು. ಬಡಿಸುತ್ತ ಬಂದ ನೀನು ನನ್ನ ತಟ್ಟೆಯ ಮುಂದೆ ನಿಂತೆ. ಸೌಟು ಎತ್ತಿ ಹಿಡಿದು, ನಿನ್ನ ಗಂಡನ ಕಡೆ ತಿರುಗಿ ಅಂದೆ: “ಗೊಡ್ಡು ದನಕ್ಕೆ ಎಷ್ಟು ದಿನ ಅಂತ ಹುಲ್ಲು ಹಾಕೋದು?” ಅತ್ತೆ ನೀರು ಕುಡಿದರು. ನಾನು ತಟ್ಟೆ ಬಿಟ್ಟು ಎದ್ದೆ. ಎದ್ದವಳು ಇಲ್ಲಿಗೆ ಬಂದು ನಿಂತೆ.

ಅಂಥವಳು ನನ್ನ ಕೈಗೆ ಹಗ್ಗ ಕೊಟ್ಟಳು. ಹಗ್ಗದ ತುದಿಯಲ್ಲಿ ಏನಿತ್ತು ನೋಡು! ಹೊಟ್ಟೆ ಉರಿಯುತ್ತದೆ ನನಗೆ. ಬೆಳಗ್ಗೆ ಏಳುವಾಗಲೂ ಉರಿಯುತ್ತದೆ, ಮಲಗುವಾಗಲೂ ಉರಿಯುತ್ತದೆ. ಆದರೆ ಒಂದು ತಿಳಿದುಕೋ. ಬೂದಿಯನ್ನು ನಾನು ಕೊಡುವುದಿಲ್ಲ. ಜಾಗ ಬಿಡಿಸುವವರು ನಮ್ಮಿಬ್ಬರನ್ನೂ ಹೊತ್ತುಕೊಂಡು ಹೋಗಿ ಹಾಕಲಿ.

ಇಂತಿ,
ಗೊಡ್ಡು

*

ಜೂನ್ 3

ಅಕ್ಕಾ,

ಹಾಗೆ ಸಹಿ ಹಾಕಬೇಡ. ಮಗಳು ಓದಿ, ಯಾರಮ್ಮಾ ಇದು ಅಂತ ಕೇಳಿದಳು.

ಇತ್ತು. ಗಂಡು ಕರು ಇತ್ತು. ಸತ್ತೇ ಹುಟ್ಟಿತು. ತೃಪ್ತಿಯಾಯಿತಾ?

ಈಗ ನೀನು ಕೇಳು. ಬೆಳಗಿನ ಜಾವ ಹಸು ನೋವು ತಿನ್ನಲು ಶುರು ಮಾಡಿತ್ತು, ನಾನೊಬ್ಬಳೇ ಇದ್ದೆ. ಮೊದಲು ಹೆಣ್ಣು ಬಂತು, ಬೂದಿ ಬಣ್ಣದ್ದು, ಬಿದ್ದ ತಕ್ಷಣ ತಲೆ ಎತ್ತಿತು. ಕುಣಿದಾಡಿಬಿಟ್ಟೆ. ಆಮೇಲೆ ಇನ್ನೊಂದರ ಕಾಲು ಕಂಡಿತು. ಎಳೆದೆ. ಉಸಿರಿರಲಿಲ್ಲ. ಬಾಯಿಗೆ ಬಾಯಿ ಇಟ್ಟು ಊದಿದೆ. ಏನೂ ಆಗಲಿಲ್ಲ.

ಸಂಘದವರ ಇನ್ನೊಂದು ನಿಯಮ ನಿನಗೂ ಗೊತ್ತು. ಕರು ಸತ್ತರೆ ವಿಚಾರಣೆ. ಸಾಕಿದವಳದೇ ತಪ್ಪು ಅಂತ ಕಂಡರೆ ಹಸುವನ್ನು ವಾಪಸು ಕರೆದುಕೊಂಡು ಹೋಗುತ್ತಾರೆ. ನಮ್ಮೂರ ಕಟ್ಟೆಮನೆಯವಳ ಕೊಟ್ಟಿಗೆ ಹಾಗೇ ಖಾಲಿಯಾದದ್ದು. ಅವಳದೇನೂ ತಪ್ಪಿರಲಿಲ್ಲ, ಆದರೆ ಅವಳಿಗೆ ಸಭೆಯಲ್ಲಿ ಎದ್ದು ವಾದಿಸಲು ಬರುತ್ತಿರಲಿಲ್ಲ. ನನ್ನ ಮಕ್ಕಳು ಆ ಹಾಲಿನಿಂದ ಶಾಲೆಗೆ ಹೋಗುತ್ತಿದ್ದಾರೆ, ಅತ್ತೆಯ ಔಷಧಿ ಆ ಹಾಲಿನಿಂದ ಬರುತ್ತದೆ. ನಿನ್ನ ಮೈದುನನ ದುಡಿಮೆಯಿಂದ ಏನು ಬರುತ್ತದೆಂದು ನಿನಗೆ ನಾನು ಹೇಳಬೇಕೇ? ಊರು ಏಳುವ ಮೊದಲು ಗೊಬ್ಬರದ ಗುಂಡಿಯ ಪಕ್ಕ ಅಗೆದು ಮಣ್ಣು ಮುಚ್ಚಿದೆ. ಯಾರಿಗೂ ಹೇಳಲಿಲ್ಲ. ಗಂಡನಿಗೂ.

ಅದರಿಂದ ಬದುಕಿದ್ದ ಕರುವಿಗೆ ಹೀಗಾಗುತ್ತದೆಂದು ನನಗೆ ಯಾರು ಹೇಳಿದ್ದರು? ಆ ಡಾಕ್ಟರ್ ಆಗ ಬಂದಿದ್ದಳೇ? ಬೇಕಾದ್ದು ಬೈ, ಆದರೆ ಗೊತ್ತಿದ್ದು ಕೊಟ್ಟೆ ಎಂದು ಮಾತ್ರ ಅನ್ನಬೇಡ. ನಿನಗೆ ಚೆಂದದ ಕರುವನ್ನೇ ಕೊಡಬೇಕು ಅಂತಿದ್ದೆ. ಯಾಕೆ ಅಂತ ಕೇಳಬೇಡ.

ಇಂತಿ,
ತಂಗಿ

*

ಜುಲೈ 30

ಮೇಲಿನ ಮನೆಯವಳಿಗೆ,

ಕರುವಿನ ವಿಷಯ ನೀನು ಹೇಳಿದೆ. ನಾನು ನಂಬಿದೆ. ಬಾಯಿಗೆ ಬಾಯಿ ಇಟ್ಟು ಊದಿದೆ ಅಂದೆಯಲ್ಲ, ಅದು ಸುಳ್ಳು ಹೇಳುವವರಿಗೆ ಹೊಳೆಯುವ ಮಾತಲ್ಲ. ಆದರೆ ನಾನು ಎರಡು ವಿಷಯ ಬರೆದಿದ್ದೆ. ಊಟದ ವಿಷಯಕ್ಕೆ ನಿನ್ನ ಕಾಗದದಲ್ಲಿ ಜಾಗ ಸಾಲಲಿಲ್ಲ ಅಂತ ಕಾಣುತ್ತದೆ.

ಇರಲಿ. ನನಗೀಗ ನಿನ್ನ ಮೇಲೆ ಪೂರ್ತಿ ಸಿಟ್ಟು ಮಾಡಲೂ ಬಿಡುವಿಲ್ಲ. ನಗಬೇಡ. ಬೂದಿಯನ್ನು ನೊಗಕ್ಕೆ ಕಟ್ಟಿದ್ದೇನೆ.

ಬೇಕೆಂದು ಮಾಡಿದ್ದಲ್ಲ. ಗೊಬ್ಬರ ಸಾಗಿಸುವ ಕೈಗಾಡಿಯ ಚಕ್ರ ಮುರಿಯಿತು. ನಾನು ಬಂದ ಹೊಸದರಲ್ಲಿ, ಗೂಡು ಇನ್ನೂ ಉರಿಯುತ್ತಿದ್ದಾಗ, ಹಸಿ ಇಟ್ಟಿಗೆ ಎಳೆಯುತ್ತಿದ್ದ ಮರದ ಜಾರುಹಲಗೆ ಮೂಲೆಯಲ್ಲಿ ಬಿದ್ದಿತ್ತು. ಅದನ್ನು ನನ್ನ ಹೆಗಲಿಂದ ಎಳೆದ ದಿನಗಳು ನನಗೆ ನೆನಪಿವೆ. ಗೊಬ್ಬರ ಹೇರಿ, ಹಗ್ಗ ಬಿಗಿದು, ಎಳೆಯಲು ನೋಡಿದೆ. ಸೊಂಟ ಕಟ್ ಎಂದಿತು. ಸಿಟ್ಟು ಬಂದು ಹಗ್ಗವನ್ನು ಬೂದಿಯ ಎದೆಗೆ ಸುತ್ತಿ, “ಹಾಲಂತೂ ಕೊಡಲ್ಲ, ಇದನ್ನಾದ್ರೂ ಎಳಿ ಮಹಾರಾಣಿ” ಅಂದೆ. ಅವಳು ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ ಹೊರಟೇಬಿಟ್ಟಳು! ನಾನು ಹಿಂದೆ ಓಡಬೇಕಾಯಿತು.

ಬಡಗಿಯಿಂದ ಒಂಟಿ ನೊಗ ಮಾಡಿಸಿದೆ. ಒಳಗೆ ಗೋಣಿ ಸುತ್ತಿ ಮೆತ್ತಗೆ ಮಾಡಿದ್ದೇನೆ. ಚಿಕ್ಕ ನೇಗಿಲು. ಹಗುರ ಕೆಲಸ, ಬೆಳಗ್ಗೆ ಸ್ವಲ್ಪ, ಸಂಜೆ ಸ್ವಲ್ಪ. ಊರಿನವರು ಬಾಯಿಗೆ ಕೈ ಇಟ್ಟುಕೊಂಡರು. “ಹೆಣ್ಣನ್ನ ಉಳೋಕೆ ಕಟ್ಟಿದ್ದೀಯಲ್ಲ, ನಾಚಿಕೆ ಆಗಲ್ವಾ?” ಅಂತ ಟ್ರ್ಯಾಕ್ಟರಿನವನು ಅಂಗಡಿ ಮುಂದೆ ಕೂತು ಕೇಳಿದ. “ಗೂಡಲ್ಲಿ ಹೆಂಗಸರು ಇಟ್ಟಿಗೆ ಎಳೆಯುವಾಗ ನಿನ್ನ ನಾಚಿಕೆ ಯಾವ ಊರಿಗೆ ಹೋಗಿತ್ತೋ?” ಅಂದೆ. ಅವನ ಟ್ರ್ಯಾಕ್ಟರ್ ದೊಡ್ಡ ಹೊಲಗಳಿಗೆ ಮಾತ್ರ ಬರುತ್ತದೆ. ನಮ್ಮಂಥವರ ತುಂಡು ಜಾಗದಲ್ಲಿ ಅದು ತಿರುಗಲೂ ಆಗುವುದಿಲ್ಲ, ನಾವು ಗುದ್ದಲಿ ಹಿಡಿದು ಬೆನ್ನು ಮುರಿದುಕೊಳ್ಳಬೇಕು.

ಮೊದಲು ಹೊಲಿಗೆಯವಳ ಜಾಗ ಉತ್ತೆ. ಕರು ಕೊಡಲಾಗದವಳು ಅಷ್ಟಾದರೂ ಮಾಡಬೇಕಲ್ಲ. ಆಮೇಲೆ ಅವಳ ಪಕ್ಕದವಳು ಬಂದಳು, ಅವಳ ಅತ್ತಿಗೆ ಬಂದಳು. ಕೂಲಿ ಅಂತ ಬೇಳೆಯೋ ಕಾಳೋ ಕೊಡುತ್ತಾರೆ, ಬೂದಿಗೆ ಒಂದು ಹೊರೆ ಮೇವು ಕೊಡುತ್ತಾರೆ. ಉಳುತ್ತ ಉಳುತ್ತ ಅವಳು ಹಾಕಿದ ಸಗಣಿ ಅಲ್ಲೇ ಮಣ್ಣಿಗೆ ಸೇರುತ್ತದೆ. ಟ್ರ್ಯಾಕ್ಟರಿಗೆ ಸಗಣಿ ಹಾಕಲು ಬರುತ್ತದಾ ಅಂತ ಹೆಂಗಸರು ಅವನನ್ನು ಕೇಳಿ ಕೇಳಿ ಗೋಳು ಹೊಯ್ದುಕೊಳ್ಳುತ್ತಿದ್ದಾರೆ. ಗೂಡಿನ ಹಿಂದಿನ ಸುಟ್ಟ ಮಣ್ಣಿಗೂ ಜೀವ ಬಂದಿದೆ. ನಿನ್ನ ಹುಲ್ಲಿನ ಬುಡ ಬದುವಿನ ಮೇಲೆ ಸೊಂಟದೆತ್ತರ ನಿಂತಿದೆ. ಹುಲ್ಲಿಗೆ ನಿನ್ನ ಗುಣ ಬಂದಿಲ್ಲ.

ಇಂತಿ,
ಇಟ್ಟಿಗೆ ಗೂಡಿನವಳು

*

ಅಕ್ಟೋಬರ್ 11

ಅಕ್ಕಾ,

ನೀನು ಬರೆಯುವ ಮೊದಲೇ ವ್ಯಾನಿನವನು ಎಲ್ಲವನ್ನೂ ಊರಿಗೆ ಸಾರಿಬಿಟ್ಟಿದ್ದ. ನಿನ್ನ ಮೈದುನ ಇಡೀ ದಿನ ದುಸುಮುಸು ಮಾಡಿದರು. “ನಮ್ಮ ಮನೆ ಸೊಸೆ ಊರೂರಲ್ಲಿ ಉಳ್ತಾ ತಿರುಗ್ತಾಳೆ ಅಂದ್ರೆ ನಾನು ತಲೆ ಎತ್ತೋದು ಹೇಗೆ?” ತಲೆ ಎತ್ತಿ ಏನು ಮಾಡಬೇಕಿತ್ತು ನೀವು ಅಂದೆ. ಆ ದಿನ ಊಟ ಮಾಡಲಿಲ್ಲ, ಮಾರನೆಯ ದಿನ ಎರಡರಷ್ಟು ಮಾಡಿದರು.

ಬೂದಿಯ ಕುತ್ತಿಗೆ ಹುಣ್ಣಾಗದಂತೆ ನೋಡಿಕೋ. ಗೋಣಿ ಒದ್ದೆಯಾದರೆ ಬದಲಿಸು. ಸಣ್ಣವನು ಅವಳನ್ನು ಇನ್ನೂ ಕೇಳುತ್ತಾನೆ.

ನಮ್ಮ ಹಸು ಮತ್ತೆ ಗಬ್ಬವಾಗಿದೆ, ಆರು ತಿಂಗಳು.

ಇಂತಿ,
ತಂಗಿ

*

ನವೆಂಬರ್ 24

ಮೇಲಿನ ಮನೆಯವಳಿಗೆ,

ಮೈಯೆಲ್ಲ ಉರಿದು ಬರೆಯುತ್ತಿದ್ದೇನೆ, ಅಕ್ಷರ ಓರೆಯಾದರೆ ಓದಿಕೋ.

ರಾಜಧಾನಿಯಿಂದ ದೊಡ್ಡವರು ಬಂದಿದ್ದರು, ಹಸು ಹಂಚುವ ಯೋಜನೆಯಿಂದ ಬಡವರು ಎಷ್ಟು ಮೇಲೆ ಬಂದರೆಂದು ನೋಡಲು. ಅಧ್ಯಕ್ಷೆ ಮುಂಜಾನೆಯೇ ಓಡಿ ಬಂದಳು. “ಬೂದಿಯನ್ನ ಗೂಡಿನ ಹಿಂದೆ ಕಟ್ಟು. ನೀನು ಹೊಸ ಸೀರೆ ಉಟ್ಕೊಂಡು ಈ ಕ್ಯಾನ್ ಹಿಡ್ಕೊಂಡು ನಿಂತ್ಕೋ, ಫೋಟೋ ತೆಗೀತಾರೆ. ಸ್ವಲ್ಪ ನಗು.” ಕ್ಯಾನು ಖಾಲಿ! ನಾನು ಖಾಲಿ ಕ್ಯಾನು ಹಿಡಿದು ನಗಬೇಕಂತೆ. ಇಷ್ಟು ವರ್ಷ ನನ್ನನ್ನು ಹಿಂದೆ ನಿಲ್ಲಿಸಿದ್ದು ಸಾಲದು, ಈಗ ಬೂದಿಯನ್ನೂ ಹಿಂದೆ ನಿಲ್ಲಿಸಬೇಕು.

ಕ್ಯಾನನ್ನು ಕಾಲಿನಿಂದ ಒದ್ದೆ. ಬೂದಿಗೆ ನೊಗ ಹೂಡಿ, ದಾರಿಯ ಮಧ್ಯದಲ್ಲೇ ಬಂದೆ. ಬಂದವರಲ್ಲಿ ಒಬ್ಬ ಎಳೆಯ ಅಧಿಕಾರಿ ಕಾಗದ ಸಿಕ್ಕಿಸಿದ ಹಲಗೆ ಹಿಡಿದು ಕೇಳಿದ, “ಇದು ದಿನಕ್ಕೆ ಎಷ್ಟು ಲೀಟರ್?” “ಇದು ಲೀಟರ್ ಕೊಡಲ್ಲಪ್ಪಾ, ಎಕರೆ ಕೊಡುತ್ತೆ,” ಅಂದೆ. ಅವನ ಹಲಗೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಹಾಲು ಅಂತ ಒಂದು ಕಾಲಂ, ಕರು ಅಂತ ಒಂದು ಕಾಲಂ, ಮುಗಿಯಿತು ನಮ್ಮ ಉದ್ಧಾರ. ನಾನು ಕೂಗಾಡಿದೆ. ಏನು ಕೂಗಾಡಿದೆನೋ ನನಗೇ ನೆನಪಿಲ್ಲ. ಆಮೇಲೆ ನೋಡಿದರೆ ನನ್ನ ಹಿಂದೆ ಹೊಲಿಗೆಯವಳು ನಿಂತಿದ್ದಾಳೆ, ಅವಳ ಹಿಂದೆ ಇಡೀ ಕೇರಿಯ ಹೆಂಗಸರು. “ಈ ಸಲ ನಮ್ಮ ಮನೇಲಿ ತರಕಾರಿ ಕೊಂಡಿಲ್ಲ, ಮಾರಿದ್ದೀವಿ. ಅದನ್ನೂ ಬರ್ಕೊಳ್ಳಿ,” ಅಂದಳು ಹೊಲಿಗೆಯವಳು. ಬರೆದುಕೊಳ್ಳುವವರೆಗೆ ದಾರಿ ಬಿಡಲಿಲ್ಲ. ಹುಡುಗ ಪಾಪ, ಅಂಚಿನಲ್ಲಿ ಸಣ್ಣದಾಗಿ ಬರೆದ.

ಅವರು ಹೋದ ಮೇಲೆ ಅಧ್ಯಕ್ಷೆ ನನ್ನನ್ನು ಬೆಂಚಿನ ಮೇಲೆ ಕೂರಿಸಿದಳು. ಹೌದು, ಕೂರಿಸಿದಳು. “ಜಾಗದಲ್ಲಿ ನೀನೂ ಇರು, ನಿನ್ನ ಬೂದಿಯೂ ಇರಲಿ. ಆದರೆ ಸರಪಳಿ ನಿನ್ನ ಹತ್ರ ತುಂಡಾಗಿದೆ. ಹೊಲಿಗೆಯವಳ ಕೊಟ್ಟಿಗೆಗೆ ಒಂದು ಹೆಣ್ಣು ಕರು ಬರಬೇಕು. ಬರದಿದ್ರೆ ನಾನೇನೂ ಮಾಡೋಕಾಗಲ್ಲ.”

ಎಲ್ಲಿಂದ ತರಲಿ? ಕೊಟ್ಟ ಕರು ಐಬಿನದಾದರೆ ಕೊಟ್ಟವಳು ಇನ್ನೊಂದು ಕೊಡಬೇಕೆಂಬ ನಿಯಮವೂ ಇದೆ. ಅದಕ್ಕೆ ನೀನು ಹೂತಿಟ್ಟದ್ದನ್ನು ನೀನೇ ಬಾಯಿಬಿಟ್ಟು ಹೇಳಬೇಕು. ನಾನು ಹೇಳುವುದಿಲ್ಲ. ನಿನ್ನ ಕೊಟ್ಟಿಗೆ ಖಾಲಿ ಮಾಡಿಸಿ ನನ್ನ ಜಾಗ ಉಳಿಸಿಕೊಳ್ಳುವವಳಲ್ಲ ನಾನು. ಹಾಗೆಂದು ನಿನ್ನ ಮೇಲಿನ ಸಿಟ್ಟು ಕಡಿಮೆಯಾಗಿದೆ ಅಂದುಕೊಳ್ಳಬೇಡ.

ಇಂತಿ,
ಇಟ್ಟಿಗೆ ಗೂಡಿನವಳು

*

ಜನವರಿ 17

ಅಕ್ಕಾ,

ಹೆಣ್ಣು ಕರು. ಒಂದೇ. ಆ ಡಾಕ್ಟರ್ ಹುಡುಗಿಯನ್ನೇ ಕರೆಸಿ ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದೆ. ಹಿಂದೆ ಇನ್ನೊಂದಿಲ್ಲ ಅಂತ ಅವಳೇ ಕೈ ಹಾಕಿ ನೋಡಿದಳು.

ಸಭೆಯಲ್ಲಿ ಎದ್ದು ನಿಂತು ಹೇಳಿದೆ. ಅವಳಿ ಇತ್ತು, ಸತ್ತಿತ್ತು, ಹೂತೆ ಅಂತ. ಅಧ್ಯಕ್ಷೆ ಬಾಯಿ ತೆರೆಯುವ ಮೊದಲೇ ನಾನೇ ಜೋರು ಮಾಡಿದೆ: “ಕರು ಸತ್ತರೆ ಹಸು ಕಿತ್ಕೊಳ್ತೀವಿ ಅಂತ ಹೆದರಿಸಿದ್ರೆ ಯಾರಮ್ಮಾ ನಿಜ ಹೇಳ್ತಾರೆ? ಕಟ್ಟೆಮನೆಯವಳ ಹಸು ಕಿತ್ಕೊಂಡ್ರಲ್ಲ, ಆಗ ನನಗೆ ಸುಳ್ಳು ಹೇಳೋದು ಕಲಿಸಿದ್ದು ನೀವೇ!” ನಿನ್ನ ಗಾಳಿ ಇಲ್ಲಿಗೂ ಬೀಸಿದೆ ಅಂತ ಕಾಣುತ್ತದೆ. ಹಸುವನ್ನು ಬಿಟ್ಟರು. ಆ ನಿಯಮ ಬದಲಿಸುವ ಮಾತೂ ಆಡಿದರು.

ನಿನ್ನ ಮೈದುನ ಈ ಕರುವನ್ನು ಇಟ್ಟುಕೊಳ್ಳೋಣ ಅಂತ ಹಠ ಹಿಡಿದರು. ಅವರ ಜೊತೆ ಆದ ಜಗಳವನ್ನು ಬರೆಯುವುದಿಲ್ಲ, ವ್ಯಾನಿನವನು ಓದುತ್ತಾನೆ. ಹಾಲು ಬಿಡಿಸಿದ ತಕ್ಷಣ ಕರು ನಿನ್ನದು.

ಇನ್ನೊಂದು ಮಾತು. ಮನೆಯ ಮೇಲಿನ ಮೆಟ್ಟಿಲು ಗದ್ದೆಗಳು ನಿನಗೆ ನೆನಪಿರಬೇಕು. ಟ್ರ್ಯಾಕ್ಟರ್ ಹತ್ತುವುದಿಲ್ಲ. ನಿನ್ನ ಭಾವ ಹೋದ ಮೇಲೆ ಅವು ಬೀಳು ಬಿದ್ದಿವೆ. ನೀನು ಬೂದಿಯನ್ನು ಕರೆದುಕೊಂಡು ಬಂದರೆ, ಮೊದಲ ಮಳೆಗೆ ಮುಂಚೆ ಉತ್ತುಬಿಡಬಹುದು.

ಅವರನ್ನು ಭಾವ ಅಂದರೆ ನನಗೆ ಭಾವ, ನಿನಗೆ ಗಂಡ. ಬರೆಯುವಾಗ ತಪ್ಪಿತು, ಅಳಿಸಲಿಲ್ಲ.

ಇಂತಿ,
ತಂಗಿ

*

ಏಪ್ರಿಲ್ 21

ತಂಗಿಗೆ,

ಕರು ನಿನ್ನೆ ವ್ಯಾನಿನಲ್ಲಿ ಬಂತು. ನೀನು ಡಾಕ್ಟರ್ ಚೀಟಿಯನ್ನು ಅದರ ಕೊರಳಿಗೆ ಕಟ್ಟಿದ್ದೆ. ಅದು ಬೇಕಿರಲಿಲ್ಲ. ನಾನು ಅದರ ಹಲ್ಲು ನೋಡಲಿಲ್ಲ, ಬಾಲ ಎತ್ತಲಿಲ್ಲ. ಇಳಿಸಿದವಳೇ ನೇರವಾಗಿ ಹೊಲಿಗೆಯವಳ ಕೊಟ್ಟಿಗೆಗೆ ಹೊಡೆದುಕೊಂಡು ಹೋದೆ. ಅವಳು ಯಂತ್ರ ಬಿಟ್ಟು ಓಡಿ ಬಂದು ಕರುವಿನ ಕುತ್ತಿಗೆ ತಬ್ಬಿ ಗೊಳೋ ಎಂದು ಅತ್ತಳು. ನೋಡಲಾಗದೆ ನಾನು ಈ ಕಡೆ ಬಂದು ಬೂದಿಯ ಮೈ ತಿಕ್ಕಿದೆ. ಸರಪಳಿ ಕೂಡಿತು. ಅಧ್ಯಕ್ಷೆ ಜಾಗದ ಕಾಗದಕ್ಕೆ ಮುದ್ರೆ ಒತ್ತಿದಳು. ಆ ಲೆಕ್ಕದಲ್ಲಿ ನೀನು ನನಗೆ ಇನ್ನೇನೂ ಕೊಡಬೇಕಾಗಿಲ್ಲ.

ಇನ್ನೊಂದು ಲೆಕ್ಕ ಬಾಕಿ ಇದೆ. ಸಭೆಯಲ್ಲಿ ಸತ್ತ ಕರುವಿನ ವಿಷಯ ಹೇಳಲು ನಿನಗೆ ಬಾಯಿ ಬಂತು. ನನ್ನ ತಟ್ಟೆಯ ವಿಷಯ ಹೇಳಲು ಬರಲಿಲ್ಲ. ನನಗೆ ಕಾಗದದಲ್ಲಿ ಕ್ಷಮಿಸು ಅಂತ ಬರೆಯಬೇಡ. ಬರೆದರೆ ಒಲೆಗೆ ಹಾಕುತ್ತೇನೆ. ಅವತ್ತಿನ ಆ ಮಾತನ್ನು ನೀನು ಕಾಗದದಲ್ಲಿ ಬರೆದಿರಲಿಲ್ಲ.

ಮೆಟ್ಟಿಲು ಗದ್ದೆ ಉಳಲು ಬರುತ್ತೇನೆ. ಅವು ನನ್ನ ಗಂಡ ಕಲ್ಲು ಹೊತ್ತು ಕಟ್ಟಿದ ಬದುಗಳು. ಕೂಲಿ ಹೇಳಿಬಿಡುತ್ತೇನೆ, ಆಮೇಲೆ ಚೌಕಾಸಿ ಬೇಡ.

ನಾನು ಬರುವ ದಿನ ಎಲ್ಲರೂ ಅಂಗಳದಲ್ಲಿ ಊಟಕ್ಕೆ ಕೂತಿರಬೇಕು. ನಿನ್ನ ಗಂಡ, ನಿನ್ನ ಮಕ್ಕಳು, ಅವತ್ತಿದ್ದ ಪಕ್ಕದ ಮನೆಯವರು. ಅತ್ತೆಯನ್ನು ಮಂಚದ ಸಮೇತ ಹೊರಗೆ ತಂದು ಮಲಗಿಸು. ಅವರು ಅವತ್ತು ನೀರು ಕುಡಿದವರು, ಈ ಸಲ ನೋಡಲಿ. ನಾನು ಬೂದಿಯನ್ನು ಅಂಗಳದ ನಡುವೆ ತಂದು ಕಟ್ಟುತ್ತೇನೆ. ಅವಳು ಗೊಡ್ಡು ಅಂತ ಈಗ ಊರಿಗೆಲ್ಲ ಗೊತ್ತು. ನೀನು ಒಂದು ಹೊರೆ ಹಸಿ ಹುಲ್ಲು ತಂದು, ನಿನ್ನ ಕೈಯಿಂದ, ಎಲ್ಲರೂ ನೋಡುತ್ತಿರುವಾಗ ಅವಳ ಮುಂದೆ ಹಾಕಬೇಕು. ಒಂದು ಮಾತೂ ಆಡಬೇಡ, ಹಾಕಿದರೆ ಸಾಕು. ಅವಳು ತಿಂದು ಮುಗಿಸುವವರೆಗೆ ಅಲ್ಲೇ ನಿಂತಿರು. ಅವಳು ನಿಧಾನವಾಗಿ ತಿನ್ನುತ್ತಾಳೆ.

ಅದಾದ ಮೇಲೆ ನನಗೆ ಬಡಿಸು. ಬೆಳಗ್ಗೆ ನೇಗಿಲು ಹೂಡುತ್ತೇನೆ.

ಒಪ್ಪಿಗೆಯಿಲ್ಲದಿದ್ದರೆ ಬರೆಯಬೇಡ, ತಿಳಿದುಕೊಳ್ಳುತ್ತೇನೆ. ನೀನು ಬರೆಯದ್ದನ್ನು ಓದುವುದು ನನಗೆ ಅಭ್ಯಾಸವಾಗಿದೆ.

ಇಂತಿ,
ಅಕ್ಕ

*

ಏಪ್ರಿಲ್ 23

ಅಕ್ಕಾ,

ಭಾನುವಾರ ಬಾ. ಪಕ್ಕದ ಮನೆಯವರಿಗೆ ಹೇಳಿದ್ದೇನೆ, ಯಾಕೆಂದು ಕೇಳಿದರು, ಯಾಕೆಂದೂ ಹೇಳಿದೆ. ಅತ್ತೆ ಮಂಚವನ್ನು ಇವತ್ತೇ ಹೊರಗೆ ಹಾಕಿಸಿಕೊಂಡು ಕೂತಿದ್ದಾರೆ. ಕುಡುಗೋಲು ಮಸೆದಿಟ್ಟಿದ್ದೇನೆ. ಹುಲ್ಲನ್ನು ಬೇರೆಯವರ ಕೈಲಿ ಕೊಯ್ಯಿಸುವುದಿಲ್ಲ.

ನೀನು ಬಿಟ್ಟೆದ್ದ ತಟ್ಟೆ ಅಟ್ಟದ ಮೇಲಿತ್ತು. ಇಷ್ಟು ವರ್ಷ ಅದರಲ್ಲಿ ಯಾರಿಗೂ ಬಡಿಸಿಲ್ಲ. ಇವತ್ತು ಇಳಿಸಿ ತೊಳೆದೆ.

ಇಂತಿ,
ತಂಗಿ